ಮೀಸಲು ಟಗರು

ಮನೆಯಲ್ಲಿ ಯಾರ ಉಪಯೋಗಕ್ಕೂ ಬಾರದೆ ಸುಮ್ಮನೆ ಇರುವಂಥದ್ದು ಏನಾದರೂ ಇದ್ದರೆ ತನ್ನಿ ಎಂದು ಅನುಸೂಯ ಮಿಸ್ಸು ಮಕ್ಕಳಿಗೆ ಹೇಳಿದ್ದರು. ಮಾಡದಕೆರೆ ಶಾಲೆಯ ಮಕ್ಕಳು ತಂದರು. ತಳ ಹೋದ ಕೊಡ, ಒಂದೇ ಚಕ್ರದ ಸೈಕಲ್ಲು, ಕೆಟ್ಟ ಮಿಕ್ಸಿ, ಚೀಲದ ತುಂಬ ತೆಂಗಿನ ಚಿಪ್ಪು. ನಾಲ್ಕನೇ ತರಗತಿಯ ದೀಪಾ ಒಂದು ಟಗರನ್ನು ಹಿಡಿದುಕೊಂಡು ಬಂದಳು.

ದೀಪಾಳ ತಾಯಿ ಯಶೋದಾಗೆ ಇದು ತಿಳಿದದ್ದು ಎಲ್ಲ ಮುಗಿದ ಮೇಲೆ.

ಮಿಸ್ಸಿನ ತಂಗಿ ಮಲಾವಿಯಲ್ಲಿ ನರ್ಸು. ಆಫ್ರಿಕಾದ ಆ ದೇಶದಲ್ಲಿ ಚಂಡಮಾರುತ ಬಂದು, ಹೊಳೆ ಏರಿ, ಅವಳಿದ್ದ ಊರಿನ ಶಾಲೆ ಗೋಡೆ ಸಮೇತ ಕೊಚ್ಚಿಹೋಗಿತ್ತು. ಮಕ್ಕಳು ಮರದ ಕೆಳಗೆ ಬರಿಗೈಯಲ್ಲಿ ಕೂತು ಪಾಠ ಕೇಳುವ ಫೋಟೊ ಒಂದನ್ನು ಅವಳು ಕಳಿಸಿದ್ದಳು. ಮಿಸ್ಸು ಅದನ್ನು ಫೋನಿನಲ್ಲಿ ಒಬ್ಬೊಬ್ಬರಿಗೂ ತೋರಿಸಿದರು.

“ಅಲ್ಲಿ ಕುರಿ ಅವೆಯಾ ಮಿಸ್?”

“ಆಡು ಇದಾವಂತೆ.”

“ಅವರಿಗೆ ಕನ್ನಡ ಬರ್ತೈತಾ?”

“ಇಲ್ಲ ಕಣ್ರೋ. ಪುಸ್ತಕ ಎಲ್ಲ ಇಂಗ್ಲಿಷಲ್ಲೇ ಓದ್ಬೇಕಂತೆ.”

“ಅಯ್ಯೋ ಪಾಪ!” ಎಂದನಂತೆ ಹಿಂದೆ ಕೂತಿದ್ದ ಒಬ್ಬ.

ಹಾಗಾಗಿ ಇಂಗ್ಲಿಷ್ ಪುಸ್ತಕಗಳೇ ಬೇಕಾದವು. ಊರಲ್ಲಿ ಅವು ಎಲ್ಲಿ ಸಿಗಬೇಕು? ಮಿಸ್ಸು ದೊಡ್ಡ ಮಕ್ಕಳನ್ನು ಬಸ್ಸು ಹತ್ತಿಸಿಕೊಂಡು ಚಿತ್ರದುರ್ಗಕ್ಕೆ ಹೋಗಿ, ಕಾನ್ವೆಂಟಿಗೆ ಹೋಗುವ ಮಕ್ಕಳಿದ್ದ ಮನೆಗಳ ಬಾಗಿಲು ತಟ್ಟಿಸಿದರು. “ನಿಮ್ಮ ಶಾಲೆಗೇ ಗತಿ ಇಲ್ಲ, ಆಫ್ರಿಕಾಕ್ಕೆ ಕೊಡೋಕೆ ಬಂದ್ರಾ?” ಎಂದು ನಕ್ಕವರೂ ಒಳಗೆ ಹೋಗಿ ಒಂದೆರಡು ತಂದು ಕೊಟ್ಟರು. ಬಿಸಿಯೂಟದ ಕೋಣೆಯಲ್ಲಿ ಅಕ್ಕಿ ಮೂಟೆಗಳ ಪಕ್ಕ ರಟ್ಟಿನ ಡಬ್ಬಗಳು ಎದ್ದವು. ಇನ್ನು ಅವು ಹಡಗು ಹತ್ತುವ ಖರ್ಚು. ಆ ಕೊಡ, ಸೈಕಲ್ಲು, ಮಿಕ್ಸಿ ಎಲ್ಲ ಅದಕ್ಕೆ.

ಫೋಟೊದಲ್ಲಿ ಮುಂದೆ ಕೂತಿದ್ದ ಹುಡುಗಿಯನ್ನು ತೋರಿಸಿ ದೀಪಾ ಕೇಳಿದಳಂತೆ: “ಇವಳಿಗೆ ಅಪ್ಪ ಅವ್ನಾ ಮಿಸ್?”

ಗೊತ್ತಿಲ್ಲ ಎಂದರು ಮಿಸ್ಸು. ಹೊಳೆಯಲ್ಲಿ ತುಂಬ ಜನ ಹೋದರಂತೆ ಎಂದೂ ಹೇಳಿದರು.

ದೀಪಾ ಮೊದಲು ಬಂದದ್ದು ತಾಯಿಯ ಹತ್ತಿರ. ಯಶೋದಾ ಚಿತ್ರದುರ್ಗದಲ್ಲಿ ಇಂಗ್ಲಿಷ್ ಎಂ.ಎ. ಓದಿದವಳು. ಅವಳ ಪುಸ್ತಕಗಳು ಅಟ್ಟದ ಮೇಲೆ ಟ್ರಂಕಿನಲ್ಲಿದ್ದವು.

“ಅಮ್ಮ, ನಿನ್ನ ಪುಸ್ತಕ ಕೊಡ್ತೀಯಾ?”

ಯಶೋದಾ ಅಕ್ಕಿ ಆರಿಸುತ್ತಿದ್ದಳು. ಮಾತು ಕೇಳಿಸಿತು. ಉತ್ತರ ಒಳಗೆಲ್ಲೋ ಇತ್ತು, ಎದ್ದು ಬಾಯಿಯವರೆಗೆ ಬರಲಿಲ್ಲ. ಹುಡುಗಿ ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದು ಹೊರಗೆ ಹೋಯಿತು. ಗಂಡ ಹನುಮೇಶ ತೀರಿಹೋದಾಗಿನಿಂದ ಹೀಗೇ ಆಗುತ್ತಿತ್ತು. ಯಾರಾದರೂ ಏನಾದರೂ ಕೇಳಿದರೆ ಅವರು ಎದ್ದು ಹೋದ ಮೇಲೆ ಅವಳಿಗೆ ಮಾತು ಸಿಗುತ್ತಿತ್ತು.

ಯಾರ ಉಪಯೋಗಕ್ಕೂ ಬಾರದೆ ಸುಮ್ಮನೆ ಇರುವಂಥವು ಆ ಮನೆಯಲ್ಲಿ ಎರಡಿದ್ದವು. ಅಕ್ಕಿ ಆರಿಸುತ್ತ ಕೂತಿದ್ದ ಒಂದನ್ನು ಹಿಡಿದುಕೊಂಡು ಹೋಗಲು ಬರುವಂತಿರಲಿಲ್ಲ. ದೀಪಾ ಟಗರಿನ ಹಗ್ಗ ಬಿಚ್ಚಿದಳು.

*

ಹನುಮೇಶ ಹಿರಿಯೂರಿನ ಆಚೆ ಹೆದ್ದಾರಿಯ ಟೋಲಿನಲ್ಲಿ ಕೆಲಸಕ್ಕಿದ್ದ. ಬೈಕಿನಲ್ಲಿ ಬರುವಾಗ ಲಾರಿ ತಗುಲಿ ಆಸ್ಪತ್ರೆ ಸೇರಿದ. ಆಗ ಅವನ ತಾಯಿ ಬರಗೇರಮ್ಮ ಕುರಿ ರೊಪ್ಪಕ್ಕೆ ಹೋಗಿ, ಇದ್ದದ್ದರಲ್ಲಿ ಚೆಂದದ ಗಂಡು ಮರಿಯನ್ನು ಎತ್ತಿ, ಹಣೆಗೆ ಅರಿಶಿನ ಬಳಿದು, ಊರಾಚೆಯ ಚೌಡಮ್ಮನ ಕಡೆ ಮುಖ ಮಾಡಿ ನಿಂತಳು. ನನ್ನ ಮಗ ಎದ್ದು ಮನೆಗೆ ಬಂದರೆ ಇದು ನಿನಗೆ ತಾಯಿ, ಎಂದಳು. ಅಂದಿನಿಂದ ಅದು ಮೀಸಲು. ಮೀಸಲು ಬಿಟ್ಟ ಮರಿಯ ಉಣ್ಣೆಗೆ ಕತ್ತರಿ ತಾಗಿಸುವಂತಿಲ್ಲ. ಮಾರುವಂತಿಲ್ಲ, ಕಡಿಯುವಂತಿಲ್ಲ, ಅಪ್ಪಿತಪ್ಪಿ ಕೋಲಲ್ಲಿ ಹೊಡೆಯುವಂತೆಯೂ ಇಲ್ಲ.

ಹನುಮೇಶ ಎದ್ದು ಬರಲಿಲ್ಲ. ಮರಿ ಬೆಳೆದು ಟಗರಾಯಿತು.

ಏನು ಮಾಡುವುದು ಎಂದು ಯಾರಿಗೂ ಗೊತ್ತಾಗಲಿಲ್ಲ. ಕೇಳಿದ್ದನ್ನು ಕೊಡದ ದೇವರಿಗೆ ಹರಕೆ ಒಪ್ಪಿಸುವುದು ಹೇಗೆ? ಒಪ್ಪಿಸದೆ ಇಟ್ಟುಕೊಳ್ಳುವುದು ಹೇಗೆ? ಪೂಜಾರಿ ತಲೆ ಕೆರೆದುಕೊಂಡು, “ಇರ್ಲಿ ಬಿಡವ್ವ, ಅಮ್ಮ ಕೇಳಿದಾಗ ಕೊಡಾಣ,” ಎಂದಿದ್ದ. ಚೌಡಮ್ಮ ಕೇಳಲಿಲ್ಲ. ಟಗರು ಉಣ್ಣೆ ಹೊತ್ತುಕೊಂಡು, ಬಿಸಿಲಿಗೆ ಏದುಸಿರು ಬಿಡುತ್ತ, ಮನೆಯ ಸುತ್ತ ತಿರುಗುತ್ತಿತ್ತು. ಮಂದೆಯ ಜೊತೆ ಅದನ್ನು ಬಿಡುತ್ತಿರಲಿಲ್ಲ. ಬರಗೇರಮ್ಮ ಅದಕ್ಕೆ ನೀರಿಡುವಳು, ಮುಖ ನೋಡುತ್ತಿರಲಿಲ್ಲ.

ಶಾಲೆಗೆ ಬಂದ ಸಾಮಾನು ಕೊಳ್ಳಲು ಗುಜರಿಯವನು ಬಂದ. ಟಗರಿಗೆ ಹೊಸದುರ್ಗದ ಕುರಿ ವ್ಯಾಪಾರಿ ಸಣ್ಣತಿಮ್ಮಪ್ಪ ಬಂದ. ಅನುಸೂಯ ಮಿಸ್ಸು ಚಿತ್ರದುರ್ಗ ಪೇಟೆಯವರು. ಕುರಿ ಎಂದರೆ ಅವರಿಗೆ ಕುರಿ, ಅಷ್ಟೆ. ಸಣ್ಣತಿಮ್ಮಪ್ಪ ಉಣ್ಣೆಯೊಳಗೆ ಬೆರಳು ತೂರಿಸಿ ನೋಡಿ ಹುಬ್ಬು ಗಂಟಿಕ್ಕಿದ.

“ಇದ್ಯಾಕಮ್ಮ ಹುಟ್ಟಿದಾಗಿಂದ ಕತ್ತರಿ ಕಂಡಂಗಿಲ್ಲ? ಹರಕೆದಾ?”

“ಹರಕೆ ಮುಗೀತು,” ಎಂದಳಂತೆ ದೀಪಾ.

*

ಸಂಜೆ ಮಂದೆ ರೊಪ್ಪಕ್ಕೆ ಬಂತು. ಬರಗೇರಮ್ಮ ನೀರಿನ ಬೋಗುಣಿ ಹಿಡಿದು ಮನೆಯ ಸುತ್ತ ಒಂದು ಸುತ್ತು ಬಂದಳು. ಇನ್ನೊಂದು ಸುತ್ತು ಬಂದಳು. ದೀಪಾ ತಾನಾಗಿಯೇ ಓಡಿ ಬಂದು ಹೇಳಿತು. ಮುಖ ಅರಳಿತ್ತು. ಎಲ್ಲರಿಗಿಂತ ಜಾಸ್ತಿ ದುಡ್ಡು ನಂದೇ ಅಜ್ಜಿ, ಎಲ್ಲರೂ ಚಪ್ಪಾಳೆ ತಟ್ಟಿದ್ರು, ಎಂದಿತು.

ಬೋಗುಣಿ ಕೈಯಿಂದ ಜಾರಿತು.

“ಚೌಡಮ್ಮನ ಸೊತ್ತು ಮಾರಿದೇನೇ? ಲೇ, ಮೀಸಲು ಮಾರಿದೇನೇ? ನನ್ನ ಮಗನ್ನ ನುಂಗಿ ಕುಂತವಳೆ ಆಕಿ, ಇನ್ನು ನಿನ್ನ ಬಿಡ್ತಾಳೇನೇ? ಅಯ್ಯೋ, ಈ ಮನೇಲಿ ಒಂದು ಕುಡಿ ಉಳಿದಿತ್ತಲ್ಲೋ!”

ಅವಳು ಕೆಟ್ಟವಳಲ್ಲ. ಮೊಮ್ಮಗಳನ್ನು ಬೈದವಳೂ ಅಲ್ಲ. ಹೆದರಿಕೆ ಬಾಯಿಗೆ ಬಂದುಬಿಟ್ಟಿತ್ತು. ಆಡಿದ ಮೇಲೆ ಬಾಯಿಗೆ ಸೆರಗು ತುರುಕಿಕೊಂಡಳು. ಆದರೆ ಮಾತು ಆಗಲೇ ಅಂಗಳದಲ್ಲಿ ಬಿದ್ದಿತ್ತು, ದೀಪಾ ಅದನ್ನು ನೋಡುತ್ತ ನಿಂತಿತ್ತು.

ಅವತ್ತು ಹುಡುಗಿ ಊಟ ಮಾಡಲಿಲ್ಲ. ಮರುದಿನವೂ ಇಲ್ಲ. ಮೈ ಬೆಚ್ಚಗಾಯಿತು. ಗೋಡೆ ಕಡೆ ತಿರುಗಿ ಮಲಗಿತು. ಹೊಸದುರ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದರೆ ಡಾಕ್ಟರು ಗ್ಲೂಕೋಸ್ ಏರಿಸಿ, ರಕ್ತ ನೋಡಿ, “ಏನೂ ಇಲ್ಲ, ಊಟ ಮಾಡ್ಸಿ,” ಎಂದರು. ಮನೆಗೆ ಬಂದು ಮತ್ತೆ ಗೋಡೆ ಕಡೆ ತಿರುಗಿತು. ಬಾಯಿಗೆ ಹಾಕಿದ ಗಂಜಿ ತುಟಿಯಂಚಿನಿಂದ ಇಳಿದು ದಿಂಬು ನೆನೆಯುತ್ತಿತ್ತು.

“ನಾನು ಸತ್ತೋಗ್ತೀನಿ ಅಲ್ವಾ ಅಮ್ಮ?”

“ಇಲ್ಲ ಕಣೆ. ಏನಾಗಲ್ಲ.”

“ಅಪ್ಪಂಗೂ ಹಂಗೇ ಅಂದಿದ್ದೆ.”

ಅಷ್ಟು ಹೇಳಿ ಕಣ್ಣು ಮುಚ್ಚಿತು. ಸಿಟ್ಟಿನಿಂದ ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದ ಹಾಗೆ ಹೇಳಿತು.

ಯಶೋದಾ ಬಟ್ಟಲು ಕೆಳಗಿಟ್ಟಳು. ಆಸ್ಪತ್ರೆಯಲ್ಲಿ ಹನುಮೇಶನ ಕೈ ಹಿಡಿದುಕೊಂಡು ಅವಳು ಅಂದದ್ದು ಅದೇ: ಏನಾಗಲ್ಲ, ಏನಾಗಲ್ಲ. ಮಗು ಆಗ ಮಂಚದ ಪಕ್ಕದಲ್ಲೇ ನಿಂತಿತ್ತು. ತನ್ನ ಮಾತಿಗೆ ಇನ್ನು ಈ ಮನೆಯಲ್ಲಿ ಬೆಲೆಯಿಲ್ಲ ಎಂದು ಅವಳಿಗೆ ತಿಳಿಯಿತು. ದೇವರು, ಹರಕೆ ಯಾವುದನ್ನೂ ಅವಳು ನಂಬುತ್ತಿರಲಿಲ್ಲ. ಅದರಿಂದ ಏನಾಯಿತು? ಮಗು ನಂಬಿತ್ತು. ಟಗರು ಅಂಗಳಕ್ಕೆ ಬಂದು ನಿಲ್ಲಬೇಕು. ಅದು ಬಿಟ್ಟು ಯಾರ ಮಾತಿಗೂ ಈ ಬಾಯಿ ತೆರೆಯುವುದಿಲ್ಲ.

ಅನುಸೂಯ ಮಿಸ್ಸು ಬಂದು ಬಾಗಿಲಲ್ಲೇ ಅತ್ತರು. ದುಡ್ಡು ವಾಪಸು ಕೊಡೋಣವೆಂದರೆ ಡಬ್ಬಗಳು ಆಗಲೇ ಚಿತ್ರದುರ್ಗದ ಪಾರ್ಸಲ್ ಆಫೀಸು ದಾಟಿ ಹೋಗಿದ್ದವು. “ನಂಗೆ ಗೊತ್ತಿರಲಿಲ್ಲ ಕಣ್ರಿ. ಮಕ್ಕಳಿಗೆ ಗೊತ್ತಿತ್ತಂತೆ, ಒಬ್ಬರೂ ಬಾಯಿ ಬಿಡಲಿಲ್ಲ. ದೀಪಾಗೆ ಬೇಜಾರಾಗ್ತದೆ ಅಂತ ಸುಮ್ನಿದ್ರಂತೆ.”

ಯಶೋದಾ ಸಣ್ಣತಿಮ್ಮಪ್ಪನ ನಂಬರು ಮಾತ್ರ ಕೇಳಿದಳು. ಫೋನು ಸ್ವಿಚ್ ಆಫ್ ಇತ್ತು. ಅವಳು ಎದ್ದು ಸೀರೆ ಬದಲಾಯಿಸಿದಳು. ಮಾವ ರಂಗಪ್ಪ ಏನೂ ಕೇಳದೆ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ಇಳಿದ.

“ನಡಿಯವ್ವ, ಹೋಗಾಣ.”

*

ಹೊಸದುರ್ಗದಲ್ಲಿ ಸಣ್ಣತಿಮ್ಮಪ್ಪನ ಮನೆಗೆ ಬೀಗ. ಪಕ್ಕದ ಮನೆಯ ಹೆಂಗಸು, “ಹಿರಿಯೂರು ಸಂತಿಗೆ ಹೋಗವ್ನೆ,” ಎಂದಳು. ಹಿರಿಯೂರಿನ ಬಸ್ಸು ನಿಂತು ನಿಂತು ಹೋಯಿತು. ಯಶೋದಾ ಕಿಟಕಿಗೆ ತಲೆ ಕೊಟ್ಟಿದ್ದಳು. ಹೆದ್ದಾರಿ ಕಂಡಾಗ ಕಣ್ಣು ಮುಚ್ಚಿದಳು. ಟೋಲಿನ ಕಡೆಗೆ ಬಸ್ಸು ತಿರುಗಲಿಲ್ಲ.

ಸಂತೆ ಮುಗಿಯುತ್ತ ಬಂದಿತ್ತು. ಕೊಬ್ಬರಿ ಮಂಡಿಯ ಹಿಂದಿನ ಬಯಲಿನಲ್ಲಿ ಹಿಕ್ಕೆ, ಮೇವಿನ ಕಡ್ಡಿ, ಮಾರಿಹೋಗದ ನಾಲ್ಕಾರು ಮುದಿ ಕುರಿ. ಸಣ್ಣತಿಮ್ಮಪ್ಪ ಚಹಾ ಅಂಗಡಿಯ ಮುಂದೆ ಸಿಕ್ಕ. ಮೊದಲು ನಕ್ಕ.

“ಮಾರಿದ್ ಮಾಲು ವಾಪಸ್ ಕೊಡಾಕೆ ನಾನೇನು ಬಟ್ಟೆ ಅಂಗಡಿ ಇಟ್ಟೀನೇನಜ್ಜ?”

“ಮೀಸಲು ಕಣಪ್ಪ ಅದು. ಚೌಡಮ್ಮಂದು.”

ನಗು ನಿಂತಿತು. “ಆ ಹುಡ್ಗಿ ಹರಕೆ ಮುಗೀತು ಅಂದ್ಲಲ್ಲ!”

“ಅವಳಪ್ಪ ಸತ್ತ ಕಣಪ್ಪ. ಅವಳ ಲೆಕ್ಕದಲ್ಲಿ ಮುಗೀತು.”

ಸಣ್ಣತಿಮ್ಮಪ್ಪ ಗ್ಲಾಸಿನಲ್ಲಿ ಉಳಿದ ಚಹಾ ನೆಲಕ್ಕೆ ಚೆಲ್ಲಿದ. ಹೊಳಲ್ಕೆರೆಯ ಓಬಯ್ಯ ಎಂಬಾತ ಮಗಳ ಮದುವೆಯ ಬೀಗರೂಟಕ್ಕೆ ಟಗರುಗಳನ್ನು ಒಟ್ಟಿಗೆ ಕೊಂಡಿದ್ದ, ಅವುಗಳಲ್ಲಿ ಅದೂ ಹೋಗಿತ್ತು. ಊಟ ಯಾವತ್ತು ಎಂದು ಕೇಳಿದರೆ, “ಇವತ್ತಾ, ನಾಳೆನಾ... ನೆನಪಿಲ್ಲ ಕಣವ್ವ. ಬೇಗ ಹೋಗ್ರಿ,” ಎಂದ. ಇವರು ಹೊರಟ ಮೇಲೆ ಹಿಂದಿನಿಂದ ಕೂಗಿದ: “ನನ್ನ ಹೆಸರು ಎಲ್ಲೂ ಎತ್ತಬ್ಯಾಡ್ರಿ, ಮನೇಲಿ ಮಕ್ಕಳವೆ!”

ಚಿತ್ರದುರ್ಗದಲ್ಲಿ ಬಸ್ಸು ಬದಲಾಯಿಸಬೇಕು. ಸ್ಟ್ಯಾಂಡಿನಲ್ಲಿ ಹೊಳಲ್ಕೆರೆ ಬಸ್ಸು ತುಂಬಿ ಹೋಗಿತ್ತು, ಇನ್ನೊಂದು ಬರುವವರೆಗೆ ಕಾಯಬೇಕಾಯಿತು. ಕೋಟೆಯ ಬಂಡೆಗಳ ಮೇಲೆ ಬಿಸಿಲು ಕೆಂಪಾಗುತ್ತಿತ್ತು. ಯಶೋದಾ ಅತ್ತೆಗೆ ಫೋನು ಮಾಡಿದಳು.

“ಏನಾದ್ರೂ ತಿಂದಳಾ?”

ಆ ಕಡೆ ಬರಗೇರಮ್ಮ ಮೂಗು ಒರೆಸಿಕೊಂಡದ್ದು ಕೇಳಿಸಿತು. “ನೀರೂ ಬ್ಯಾಡ ಅಂತಾಳೆ. ನನ್ನ ನಾಲಿಗೆ ಸೇದೋಗ್ಲಿ. ಸಿಕ್ತೇನವ್ವ?”

“ಎಲ್ಲೈತೆ ಅಂತ ಗೊತ್ತಾಗೈತೆ.”

ರಂಗಪ್ಪ ಕಡಲೆಕಾಯಿ ಪೊಟ್ಟಣ ತಂದು ಅವಳ ಕೈಯಲ್ಲಿಟ್ಟ. ಅವಳು ಹಿಡಿದುಕೊಂಡೇ ಇದ್ದಳು. ಬಸ್ಸು ಬಂದಾಗ ಅದು ಎಲ್ಲಿ ಬಿತ್ತೋ ಗೊತ್ತಿಲ್ಲ.

*

ಓಬಯ್ಯನ ಮನೆಯನ್ನು ಯಾರನ್ನೂ ಕೇಳಬೇಕಾಗಲಿಲ್ಲ. ಬೀದಿಯ ತುದಿಯಿಂದಲೇ ಮಸಾಲೆಯ ವಾಸನೆ ಬಂತು. ಶಾಮಿಯಾನದ ಕೆಳಗೆ ಪಂಕ್ತಿ ಏಳುತ್ತಿತ್ತು. ಬಿಳಿ ಅಂಗಿಯ ಬೀಗರು ಕೈ ಒರೆಸಿಕೊಳ್ಳುತ್ತ, ಹಲ್ಲಿಗೆ ಕಡ್ಡಿ ಹಾಕುತ್ತ ಬರುತ್ತಿದ್ದರು.

“ಏನ್ ಮಾಂಸ ಮಾರಾಯಾ, ಬೆಣ್ಣೆ!” ಎಂದ ಒಬ್ಬ.

ರಂಗಪ್ಪ ನಿಂತುಬಿಟ್ಟ. ಅವನು ನೋಡುತ್ತಿದ್ದ ಕಡೆಗೆ ಯಶೋದಾಳೂ ನೋಡಿದಳು. ಹಿತ್ತಲ ಬೇಲಿಯ ಮೇಲೆ ತೊಗಲುಗಳನ್ನು ಹರವಿದ್ದರು. ಕರಿಯವು, ಕಂದು ಬಣ್ಣದವು, ಎಲ್ಲ ಕತ್ತರಿಸಿದ ಗಿಡ್ಡ ಉಣ್ಣೆಯವು. ಕೊನೆಯದರ ಉಣ್ಣೆ ಮಾತ್ರ ಗೇಣುದ್ದ ಜೋತು ಬಿದ್ದಿತ್ತು.

ಅವಳಿಗೆ ಅಳು ಬರಲಿಲ್ಲ. ಆ ಉಣ್ಣೆಯನ್ನೇ ನೋಡುತ್ತ ನಿಂತಳು. ಯಾರೋ ಬೀಗರ ಕಡೆಯವರೆಂದು ತಿಳಿದು ಓಬಯ್ಯನ ಹೆಂಡತಿ ದೊಡ್ಡಕ್ಕ ಓಡಿ ಬಂದಳು. “ಬರ್ರಿ ಬರ್ರಿ, ಹೊತ್ತಾಗೈತೆ, ಕುಂತ್ಕಳ್ರಿ, ಎಲೆ ಹಾಕಿಸ್ತೀನಿ!”

ರಂಗಪ್ಪ ಕೈ ಮುಗಿದು ಅವಳನ್ನೂ ಓಬಯ್ಯನನ್ನೂ ಹಿತ್ತಲಿಗೆ ಕರೆದ. ವಿಷಯ ಹೇಳಿದ. ಜಗಳ ಇಲ್ಲ, ದೂರು ಇಲ್ಲ, ನಡೆದದ್ದನ್ನು ಹೇಳಿದ.

ಓಬಯ್ಯ ಒಂದು ಹೆಜ್ಜೆ ಹಿಂದೆ ಸರಿದ.

“ಏನಂದೆ? ಮೀಸಲಾ? ಸತ್ತೋನ ಹೆಸರಿಂದಾ?” ದನಿ ತಗ್ಗಿಸಿ ಶಾಮಿಯಾನದ ಕಡೆ ನೋಡಿದ. “ಲೇ ದೊಡ್ಡಿ, ನಿನ್ನೆ ಕಡಿವಾಗ ನಾ ಹೇಳ್ಲಿಲ್ವೇನೆ, ಇದ್ರ ಉಣ್ಣೆ ನೋಡೇ ಅಂತ?”

“ನೀವೇನಂದ್ರಿ? ಉಣ್ಣೆಗೆ ಉಣ್ಣೆ, ಮಾಂಸಕ್ಕೆ ಮಾಂಸ, ಲಾಭ ಐತೆ ಅಂದ್ರಿ!”

“ಬಾಯಿ ಮುಚ್ಚು. ಬೀಗರಿಗೆ ಗೊತ್ತಾದ್ರೆ ಹುಡುಗಿ ಇವತ್ತೇ ವಾಪಸ್ ಬರ್ತಾಳೆ.” ಓಬಯ್ಯ ರಂಗಪ್ಪನ ಎರಡೂ ಕೈ ಹಿಡಿದುಕೊಂಡ. “ಅಣ್ಣ, ನಿನ್ನ ಕಾಲಿಗೆ ಬೀಳ್ತೀನಿ. ಒಂದು ಮಾತು ಹೊರಗೆ ಬರಬಾರ್ದು. ಅಗೋ, ಅಲ್ಲೊಂದು ಉಳಿದೈತೆ ನೋಡು, ಬೇವಿನ ಮರಕ್ಕೆ ಕಟ್ಟಿರೋದು. ತಗಂಡೋಗು. ದುಡ್ಡು ಬ್ಯಾಡ, ಏನೂ ಬ್ಯಾಡ. ಚೌಡಮ್ಮಗೆ ಇದನ್ನ ಒಪ್ಸು. ನನ್ನ ಮಗಳ ಹೆಸರಲ್ಲೂ ಒಂದು ಕಾಯಿ ಒಡಿ.”

ದೊಡ್ಡಕ್ಕ ಆಗಲೇ ಹಗ್ಗ ಬಿಚ್ಚುತ್ತಿದ್ದಳು. ಹೊಸ ರೇಷ್ಮೆ ಸೀರೆಯ ಸೆರಗು ಹಿಕ್ಕೆಯ ಮೇಲೆ ಎಳೆಯುತ್ತಿದ್ದದ್ದು ಅವಳಿಗೆ ಗೊತ್ತಿರಲಿಲ್ಲ. “ನಿನ್ನ ಮಗು ಹೆಂಗೈತವ್ವ?” ಎಂದು ಯಶೋದಾಳನ್ನು ಕೇಳಿದಳು. ಉತ್ತರಕ್ಕೆ ನಿಲ್ಲದೆ ಒಳಗೆ ಓಡಿದಳು.

ಮಾಡದಕೆರೆಯ ಅಂಗಳದಲ್ಲಿ ಹುಟ್ಟಿದ ಹೆದರಿಕೆ ಹೊಳಲ್ಕೆರೆಯ ಮದುವೆ ಮನೆಯನ್ನೂ ಹೊಕ್ಕಿತು ಎಂದುಕೊಂಡಳು ಯಶೋದಾ. ಒಬ್ಬರ ಮನೆಯಿಂದ ಕೆಂಡ ಇಸಿದುಕೊಂಡು ಹೋದ ಹಾಗೆ.

*

ಹೊಸದುರ್ಗದ ಕಡೆಗೆ ಹೊರಟ ಲಗೇಜ್ ಆಟೋ ಒಂದು ಸಿಕ್ಕಿತು. ಹಿಂದೆ ಟಗರಿನ ಜೊತೆ ಇಬ್ಬರೂ ಕೂತರು. ಟಗರು ಕರಿಯದೇ, ಹೆಚ್ಚುಕಡಿಮೆ ಅದೇ ಎತ್ತರ. ಹಣೆಯ ಮೇಲೆ ರೂಪಾಯಿಯಷ್ಟಗಲ ಬಿಳಿ. ಉಣ್ಣೆ ಕತ್ತರಿಸಿ ಹೆಚ್ಚು ದಿನವಾಗಿರಲಿಲ್ಲ.

ಊರು ದಾಟಿದ ಮೇಲೆ ರಂಗಪ್ಪ ಆಟೋ ನಿಲ್ಲಿಸಿದ. ರಸ್ತೆ ಬದಿಯ ಪೆಟ್ಟಿಗೆ ಅಂಗಡಿಯಿಂದ ಒಂದು ಬ್ಲೇಡು ತಂದ.

“ತಲೆ ಹಿಡ್ಕಳವ್ವ.”

ಕುರಿಯವರ ಪ್ರತಿ ಮನೆಗೂ ಒಂದು ಕಿವಿ ಇರುತ್ತದೆ. ಮರಿಗಳ ಕಿವಿಯಲ್ಲಿ ಆ ಮನೆಯವರು ಕತ್ತರಿಸುವ ಗುರುತು ಅದು. ರಂಗಪ್ಪನ ಮನೆಯದು ಎಡಗಿವಿಯ ತುದಿ ಸೀಳು, ಕೆಳಗೆ ಒಂದು ಕಚ್ಚು. ಸಾವಿರ ಕುರಿಗಳ ನಡುವೆ ಕಳೆದುಹೋದರೂ ಕಿವಿ ನೋಡಿ ಯಾರ ಮನೆಯದೆಂದು ತಂದು ಬಿಡುತ್ತಾರೆ. ಬೇರೆಯವರ ಕುರಿಗೆ ತನ್ನ ಕಿವಿ ಹಾಕುವವನು ಕಳ್ಳ. ಅಂಥವನ ಮನೆಗೆ ಹೆಣ್ಣು ಕೊಡುವುದಿಲ್ಲ. ರಂಗಪ್ಪ ತನ್ನ ಆಯುಷ್ಯದಲ್ಲಿ ಮಾಡದ ಕೆಲಸ ಅದು.

“ಕೊಟ್ಟೋರು ಕೊಟ್ಟರು, ತಗಂಡೀವಿ. ಕದ್ದದ್ದಲ್ಲವಲ್ಲ,” ಎಂದ. ಅವಳಿಗೆ ಹೇಳಿದ್ದೋ, ತನಗೇ ಹೇಳಿಕೊಂಡದ್ದೋ. “ಬೆಳೆದ ಟಗರಿನ ಕಿವಿ ಕೊಯ್ಬಾರ್ದು. ಮರಿಯಾಗಿದ್ದಾಗ ನೋವು ಮರೀತವೆ.”

ಬ್ಲೇಡು ಆಡಿತು. ಟಗರು ಒದರಿ ಮುಂಗಾಲಿನಿಂದ ಒದೆಯಿತು. ಯಶೋದಾ ಅದರ ತಲೆಯನ್ನು ಎದೆಗೆ ಅವುಚಿಕೊಂಡಳು. ಬಿಸಿ ರಕ್ತ ಮುಂಗೈ ಮೇಲೆ ಇಳಿಯಿತು. ಏನಾಗಲ್ಲ, ಏನಾಗಲ್ಲ, ಎಂದು ಯಾರೋ ಹೇಳುತ್ತಿದ್ದರು. ತನ್ನದೇ ದನಿ ಎಂದು ತಿಳಿದಾಗ ಬಾಯಿ ಮುಚ್ಚಿದಳು.

“ಮಾವ, ಉಣ್ಣೆ?”

ರಂಗಪ್ಪ ಬ್ಲೇಡನ್ನು ಕಾಗದಕ್ಕೆ ಸುತ್ತಿ ದೂರ ಎಸೆದ. ಆಟೋ ಹೊರಟಿತು. ಅವನು ದಾರಿಯುದ್ದಕ್ಕೂ ಟಗರಿನ ಬೋಳು ಬೆನ್ನಿನ ಮೇಲೆ ತನ್ನ ಟವೆಲು ಹೊದಿಸಿ ಹಿಡಿದುಕೊಂಡೇ ಇದ್ದ. ಟವೆಲಿನಿಂದ ಉಣ್ಣೆ ಆಗುವುದಿಲ್ಲ ಎಂದು ಮುದುಕನಿಗೆ ಗೊತ್ತಿತ್ತು.

*

ಅಂಗಳದಲ್ಲಿ ದೀಪ ಹಚ್ಚಿದ್ದರು. ಬರಗೇರಮ್ಮ ಮೊಮ್ಮಗಳನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲೆ ಹಾಕಿಕೊಂಡು ಜಗುಲಿಯಲ್ಲಿ ಕಾದಿದ್ದಳು. ಹುಡುಗಿಯ ತುಟಿ ಒಣಗಿ ಬಿರಿದಿತ್ತು. ಟಗರು ಆಟೋದಿಂದ ಧುಮುಕಿತು. ಟವೆಲು ಜಾರಿ ಬಿತ್ತು.

ಬರಗೇರಮ್ಮ ನೋಡಿದಳು. ಹುಟ್ಟಿದಾಗಿನಿಂದ ಕುರಿಗಳ ಮುಖ ನೋಡಿ ಬೆಳೆದವಳು. ಕತ್ತಲಲ್ಲಿ ಕೆಮ್ಮು ಕೇಳಿ ಯಾವ ಕುರಿ ಎಂದು ಹೇಳುವವಳು. ಅವಳಿಗೆ ನೋಡಿದೊಡನೆ ತಿಳಿಯಿತು. ಗಂಡನ ಮುಖ ನೋಡಿದಳು, ಸೊಸೆಯ ಸೀರೆಯ ಮೇಲಿನ ರಕ್ತ ನೋಡಿದಳು. ಮೊಮ್ಮಗಳ ಕಡೆ ಬಗ್ಗಿದಳು.

“ಬಂತು ನೋಡೇ ಕೂಸೆ. ನಿನ್ನ ಟಗರು ಬಂತು. ನೋಡು, ಕಿವಿ ನೋಡು, ನಮ್ಮನೆ ಕಿವಿ.”

ದೀಪಾ ಕಣ್ಣು ತೆರೆಯಿತು. ಟಗರನ್ನು ನೋಡಿತು, ಬಹಳ ಹೊತ್ತು. ಹಣೆಯ ಬಿಳಿ ನೋಡಿತು.

“ಉಣ್ಣೆ ಎಲ್ಲಿ?”

“ಶೆಕೆಗೆ ಕತ್ತರಿಸಿದ್ರಂತೆ,” ಎಂದ ರಂಗಪ್ಪ ನೆಲ ನೋಡುತ್ತ.

ಮಗು ಅಜ್ಜಿಯನ್ನು ಬಿಟ್ಟಿತು, ತಾತನನ್ನು ಬಿಟ್ಟಿತು. ಕಣ್ಣು ತಾಯಿಯ ಮೇಲೆ ಬಂದು ನಿಂತಿತು.

“ಅಮ್ಮ, ಇದು ನಮ್ದಾ?”

ಅತ್ತೆ ಕಣ್ಣಲ್ಲೇ ಬೇಡುತ್ತಿದ್ದಳು. ಮಾವ ತುಟಿ ಕಚ್ಚಿ ನಿಂತಿದ್ದ. ಹೂಂ ಅಂದರೆ ಸಾಕು. ಇಷ್ಟು ದೂರ ಹೋಗಿ ಬಂದದ್ದು, ಕೊಯ್ದದ್ದು ಆ ಒಂದು ಹೂಂಗಾಗಿ. ಯಶೋದಾ ಬಾಯಿ ತೆರೆದಳು. ಆ ಕಣ್ಣುಗಳನ್ನು ಅವಳು ಹಿಂದೆಯೂ ನೋಡಿದ್ದಳು. ಮಂಚದ ಪಕ್ಕದಿಂದ, ಅವಳ ಬಾಯಿಯನ್ನೇ ನೋಡುತ್ತಿದ್ದ ಕಣ್ಣುಗಳು.

“ಅಲ್ಲ,” ಎಂದಳು.

“ಯಶೋದಾ!” ಎಂದು ಚೀರಿದಳು ಬರಗೇರಮ್ಮ.

“ಅಲ್ಲ ಕಣೆ ದೀಪಾ. ಇದು ಬೇರೆಯವರದು. ನಮ್ದನ್ನ ಕಡಿದುಬಿಟ್ಟಿದ್ರು. ಮದುವೆ ಮನೇಲಿ, ಬೀಗರೂಟಕ್ಕೆ. ನಾವು ಹೋಗೋದ್ರಲ್ಲಿ ಮುಗಿದಿತ್ತು. ತೊಗಲು ನೋಡಿದೆ. ಕಿವಿ ತಾತ ಈಗ ದಾರೀಲಿ ಕೊಯ್ದಿದ್ದು. ನಾನೇ ತಲೆ ಹಿಡ್ಕೊಂಡಿದ್ದೆ.”

ಬರಗೇರಮ್ಮ ಹಣೆ ಬಡಿದುಕೊಂಡಳು. ರಂಗಪ್ಪ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಎಲ್ಲ ಹೋಯಿತು ಎಂದುಕೊಂಡಳು ಯಶೋದಾ. ಕೈಯಾರೆ ಮುಗಿಸಿದೆ. ಆದರೂ ಕಣ್ಣು ತಿರುಗಿಸಲಿಲ್ಲ.

“ಅಪ್ಪಂಗೆ ನಾನು ಸುಳ್ಳು ಹೇಳಿದ್ದೆ,” ಎಂದಳು. “ಡಾಕ್ಟರು ನನಗೆ ಹೇಳಿಯಾಗಿತ್ತು. ಗೊತ್ತಿದ್ದೂ ಹೇಳಿದ್ದೆ.”

ಮಗು ತಲೆ ಎತ್ತಿತು.

“ಹಂಗಾದ್ರೆ ನಾನು?”

“ನೀನು ಸಾಯಲ್ಲ. ನಿಂಗೆ ಹೊಟ್ಟೆ ಹಸಿದೈತೆ ಅಷ್ಟೆ. ಡಾಕ್ಟರು ಅಂದದ್ದು ಅದೇ, ಬೇರೆ ಏನೂ ಹೇಳಿಲ್ಲ. ಹೇಳಿದ್ರೆ ನಿಂಗೂ ಹೇಳ್ತಿದ್ದೆ.”

ದೀಪಾ ಅವಳ ಮುಖವನ್ನು ಹುಡುಕಿತು. ಹಣೆ, ಕಣ್ಣು, ಬಾಯಿ, ಒಂದೊಂದಾಗಿ, ಕುರಿ ಕೊಳ್ಳುವವರು ನೋಡುವ ಹಾಗೆ. ಟಗರು ಕಿವಿ ಒದರಿತು. ನಾಲ್ಕು ಹನಿ ರಕ್ತ ಜಗುಲಿಯ ಮೇಲೆ ಹಾರಿತು. ಹುಡುಗಿ ಕಂಬಳಿಯೊಳಗಿಂದ ಕೈ ಚಾಚಿ ಒಂದು ಹನಿಯನ್ನು ಬೆರಳಲ್ಲಿ ಒರೆಸಿ ನೋಡಿತು.

“ಇದಕ್ಕೆ ನೋಯ್ತೈತೆ ಅಜ್ಜಿ.”

ಬರಗೇರಮ್ಮ ಅಳು ನಿಲ್ಲಿಸಿದಳು. ಮೊಮ್ಮಗಳನ್ನು ಸೊಸೆಯ ಮಡಿಲಿಗೆ ದಾಟಿಸಿ ಒಳಗೆ ಹೋದಳು. ಅರಿಶಿನ, ಬೇವಿನೆಣ್ಣೆ ಕಲಸಿಕೊಂಡು ಬಂದು ಟಗರಿನ ಕಿವಿಗೆ ಬಳಿದಳು. ಬಳಿದ ಕೈಯಲ್ಲೇ ಅದರ ಹಣೆಯ ಬಿಳಿಯ ಮೇಲೂ ಒಂದು ಬೆರಳು ಎಳೆದಳು. ಚೌಡಮ್ಮನ ಕಡೆಗೆ ಮುಖ ತಿರುಗಿಸಲಿಲ್ಲ. ಯಾವ ಹೆಸರನ್ನೂ ಎತ್ತಲಿಲ್ಲ.

“ಉಣ್ಣೆ ಬೆಳೀತೈತೆ ಬಿಡು,” ಎಂದಳು, ಯಾರಿಗೋ.

ಯಶೋದಾ ಮಗಳನ್ನು ಹಿಡಿದುಕೊಂಡು ಕೂತಿದ್ದಳು. ಮಗುವಿನ ಮೈ ಇನ್ನೂ ಬಿಸಿಯಿತ್ತು. ಏನಾಗುವುದೋ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಇನ್ನು ಹೇಳುವಂತೆಯೂ ಇರಲಿಲ್ಲ.

“ಅಮ್ಮ, ಪುಸ್ತಕ ಹೋದವಾ?”

“ಹೋದವು.”

“ವಾಪಸ್ ಬರಲ್ವಾ?”

“ಬರಲ್ಲ. ಆ ಮಕ್ಕಳಿಗೆ ಸಿಕ್ತವೆ... ಸಿಗಬೌದು. ದೂರ ಐತೆ.”

ದೀಪಾ ತಾಯಿಯ ಸೆರಗಿನ ರಕ್ತದ ಕಲೆಯ ಮೇಲೆ ಉಗುರು ಆಡಿಸುತ್ತ ಕೇಳಿತು: “ಗಂಜಿ ಬ್ಯಾಡ. ಅನ್ನ ಐತಾ?”

ರಂಗಪ್ಪ ಎದ್ದು, ಟಗರಿನ ಹಗ್ಗ ಹಿಡಿದು, ರೊಪ್ಪದ ಬಾಗಿಲು ತೆರೆದ. ಮೀಸಲು ಟಗರನ್ನು ಎಂದೂ ಬಿಡದ ಮಂದೆಯೊಳಕ್ಕೆ ಅದನ್ನು ಬಿಟ್ಟ.